ಒಂದೇ ನಂಬರಿನ ಎರಡು ಟ್ಯೂಬು

ಮಾರೆಪ್ಪ ಬಾಯಿ ತೆರೆದು ಕುಳಿತಿದ್ದ. ಡಾಕ್ಟರು ಕಡೆಯ ಹೊಲಿಗೆ ಕತ್ತರಿಸಿ, ಚಿಮುಟದಲ್ಲಿ ಎಳೆದು ಟ್ರೇಗೆ ಹಾಕಿದರು. ದೀಪವನ್ನು ಇನ್ನಷ್ಟು ಕೆಳಗೆಳೆದು ನೋಡಿ, "ಹನ್ನೆರಡು ದಿನಕ್ಕೆ ಹಿಂಗೆ ಕೂಡಿದ ಗಾಯ ನಾನು ನೋಡೇ ಇಲ್ಲ. ತಿಂಗಳು ಕಳೆದಂಗಿದೆ," ಎಂದರು. ಟ್ರೇ ಹಿಡಿದು ನಿಂತಿದ್ದ ಕೊಟ್ರಬಸಮ್ಮ ಅದರಲ್ಲಿ ಬಿದ್ದಿದ್ದ ಹೊಲಿಗೆಯ ದಾರವನ್ನೇ ನೋಡಿದಳು. ಮಾಯದಿದ್ದರೇ ಚೆನ್ನಾಗಿತ್ತು ಎಂದು ಒಂದು ಕ್ಷಣ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಹೊಸಪೇಟೆಯ ಆ ಹಲ್ಲಿನ ದವಾಖಾನೆಯಲ್ಲಿ ಆಕೆ ಒಂಬತ್ತು ವರ್ಷದಿಂದ ಆಯಾ. ಸಂಡೂರಿನಿಂದ ಅದಿರು ಹೊತ್ತ ಲಾರಿಗಳು ಹಗಲೆಲ್ಲ ಕಿಟಕಿಯ ಕೆಳಗೇ ಹಾಯುತ್ತಿದ್ದವು. ಗಂಟೆಗೊಮ್ಮೆ ಗಾಜು ಒರೆಸಿದರೂ ಬಟ್ಟೆ ಕೆಂಪಗೇ ಬರುತ್ತಿತ್ತು. ಬರುವ ರೋಗಿಗಳಲ್ಲಿ ಅರ್ಧ ಲಾರಿಯವರು. ಒಂದೇ ದಿನ ಮೂವರು ಗಾದಿಲಿಂಗಪ್ಪರು ಬಂದು ಕೂತದ್ದುಂಟು. ಅದಕ್ಕೇ ಆಕೆ ಹೆಸರಿನ ಬದಲು ಲಾರಿ ನಂಬರಿನ ಕೊನೆಯ ನಾಲ್ಕು ಅಂಕಿ ಬರೆಯುವ ರೂಢಿ ಮಾಡಿಕೊಂಡಿದ್ದಳು. ನಂಬರು ಕೂಗಿದರೆ ಸರಿಯಾದ ಮನುಷ್ಯನೇ ಎದ್ದು ಬರುತ್ತಿದ್ದ. ಒಮ್ಮೆಯೂ ತಪ್ಪಿರಲಿಲ್ಲ.

ಆ ವರ್ಷ ಡಾಕ್ಟರು ಹೊಸ ಯಂತ್ರ ತರಿಸಿದ್ದರು. ರೋಗಿಯ ತೋಳಿನಿಂದ ತೆಗೆದ ರಕ್ತವನ್ನು ಟ್ಯೂಬಿಗೆ ತುಂಬಿ ಅದರಲ್ಲಿಟ್ಟರೆ ಗಿರಗಿರನೆ ತಿರುಗಿಸುತ್ತಿತ್ತು. ನಿಂತಾಗ ಕೆಂಪು ತಳಕ್ಕಿಳಿದು, ಮೇಲೆ ಎಣ್ಣೆಯಂಥ ಹಳದಿ ನೀರು ಉಳಿದಿರುತ್ತಿತ್ತು. ಗಾಯ ಕೂಡಿಸುವ ಕಣಗಳು ಆ ಹಳದಿಯಲ್ಲೇ ಇರುವುದಂತೆ. ಅದನ್ನು ಲೋಳೆಯ ಹಾಗೆ ಹೆಪ್ಪುಗಟ್ಟಿಸಿ, ಹಲ್ಲು ಕಿತ್ತ ಕುಳಿಯಲ್ಲಿ ತುಂಬಿ ಹೊಲಿಯುತ್ತಿದ್ದರು. ಡಾಕ್ಟರು ಒಂದು ಮಾತನ್ನು ಒತ್ತಿ ಹೇಳಿದ್ದರು: ಅವರವರ ರಕ್ತ ಅವರವರಿಗೇ. ಇನ್ನೊಬ್ಬರದು ಹೋದರೆ ಅವರ ರೋಗವೂ ಜೊತೆಗೆ ಹೋದೀತು.

ತಿರುಗುವಾಗ ತೂಕ ಸಮ ಇರಲೆಂದು ಟ್ಯೂಬಿನ ಎದುರಿಗೆ ಅಷ್ಟೇ ನೀರು ತುಂಬಿದ ಇನ್ನೊಂದನ್ನು ಇಡಬೇಕಿತ್ತು. ಮಾರೆಪ್ಪನ ಹಲ್ಲು ಕಿತ್ತ ದಿನ ಆ ನೀರು ಬೇಕಾಗಲಿಲ್ಲ. ಮಾರೆಪ್ಪ, ಹುಸೇನಪ್ಪ ಇಬ್ಬರೂ ಒಟ್ಟಿಗೆ ಬಂದಿದ್ದರು. ಒಂದೇ ಲಾರಿಯನ್ನು ಪಾಳಿಯ ಮೇಲೆ ಓಡಿಸುವವರು. ಅದು ಗ್ಯಾರೇಜಿಗೆ ಬಿದ್ದ ದಿನ ನೋಡಿ ಇಬ್ಬರೂ ದವಡೆ ಹಲ್ಲು ಕೀಳಿಸಲು ಬಂದಿದ್ದರು. ಕೊಟ್ರಬಸಮ್ಮ ಎರಡು ಟ್ಯೂಬಿನ ಮೇಲೂ 4417 ಎಂದು ಬರೆದು ಎದುರುಬದುರು ಇಟ್ಟಳು. ಯಂತ್ರ ನಿಂತು ಮುಚ್ಚಳ ತೆರೆದ ಮೇಲೆಯೇ ಹೊಳೆದದ್ದು. ಒಂದೇ ಎತ್ತರ, ಒಂದೇ ಬಣ್ಣ, ಒಂದೇ ನಂಬರು. ಒಳಗಿನಿಂದ ಡಾಕ್ಟರು ಅವಸರ ಮಾಡಿದರು. ಬಲಗೈಗೆ ಸಿಕ್ಕಿದ್ದನ್ನು ಮೊದಲು ಕೊಟ್ಟಳು.

ಹುಸೇನಪ್ಪನ ಹೆಂಡತಿ ವಿರುಪಮ್ಮನೂ ಅಂದು ಬಂದಿದ್ದಳು. ಅವನು ಹೆಂಡತಿಯನ್ನು ಹೆಸರು ಹಿಡಿದು ಕರೆಯುವವನಲ್ಲ. ಎತ್ತಿಗೆ ಮಾಡುವಂತೆ ನಾಲಿಗೆಯಲ್ಲಿ ಎರಡು ಸಲ ಲೊಚಗುಟ್ಟಿದರೆ ಆಕೆ ಎದ್ದು ಹಿಂದೆ ನಡೆಯುತ್ತಿದ್ದಳು. ಘಾಟಿ ಹತ್ತುವಾಗ ಲಾರಿಗೂ ಹಾಗೇ ಮಾಡುತ್ತಾನೆಂದು ಮಾರೆಪ್ಪ ಕಾಡಿಸುತ್ತಿದ್ದ. ಬಾಯಿತುಂಬ ಹತ್ತಿ ಕಚ್ಚಿಕೊಂಡು ಹೊರಬಂದ ಗಂಡನನ್ನು ನೋಡಿ ವಿರುಪಮ್ಮ, "ಇವತ್ತು ನನ್ನ ಹ್ಯಾಂಗ ಕರೀತಿ? ಕರಿಯೋತನಕ ಇಲ್ಲೇ ಕುಂತಿರತೀನಿ ನೋಡು," ಎಂದು ನಕ್ಕಿದ್ದಳು. ನಾಲ್ಕನೆಯ ದಿನ, ಹುಸೇನಪ್ಪನ ಪಾಳಿಯಲ್ಲಿ, ಲಾರಿ ಘಾಟಿಯಿಂದ ಉರುಳಿತು. ಬಾಯೊಳಗೆ ಹೊಲಿಗೆ ಇರುವಾಗಲೇ ಅವನನ್ನು ಮಣ್ಣು ಮಾಡಿದರು.

ಇವತ್ತೂ ವಿರುಪಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಲಾರಿ ಬಿದ್ದ ಜಾಗದಲ್ಲಿ ಕಾಯಿ ಒಡೆಯಬೇಕೆಂದು ಮಾರೆಪ್ಪನ ಜೊತೆ ಹೊರಟವಳು. ಹಾದಿಯಲ್ಲೇ ಅವನು ಹೊಲಿಗೆ ಬಿಚ್ಚಿಸಲು ಇಳಿದಿದ್ದ.

ಬಾಯಿ ಮುಕ್ಕಳಿಸಲು ಬೇಸಿನ್ನಿನ ಹತ್ತಿರ ಬಂದ ಮಾರೆಪ್ಪ ದವಡೆ ಸವರಿಕೊಂಡ.

"ಗಾಯ ಚಲೋನ ಮಾದೈತ್ರಿ, ಅಕ್ಕಾರ. ಆದ್ರ ಬೆಳಗಾದ್ರ ಈ ಕಡೀಗೆ ತಂಬಾಕದ ರುಚಿ ಬರತೈತಿ. ನಾ ಹುಟ್ಟಿದಾಗಿಂದ ತಂಬಾಕ ಮುಟ್ಟಿಲ್ಲ."

ತಂಬಾಕು ಹುಸೇನಪ್ಪನದು. ಅದಕ್ಕಾಗಿ ಡಾಕ್ಟರು ಅವನನ್ನು ಬೈದದ್ದನ್ನು ಕೊಟ್ರಬಸಮ್ಮ ಕಿವಿಯಾರೆ ಕೇಳಿದ್ದಳು. ಆರು ವರ್ಷ ಒಂದೇ ಕ್ಯಾಬಿನ್ನಿನಲ್ಲಿ ಕೂತವನಿಗೆ ಗೆಳೆಯನ ವಾಸನೆ ನೆನಪಾಗುವುದು ಸಹಜ ಎಂದು ತನಗೆ ತಾನೇ ಹೇಳಿಕೊಂಡಳು. ಗಂಡನಿಲ್ಲದ ಆಕೆಯ ಮನೆ, ಮಗಳ ಓದು ಎಲ್ಲ ಈ ಕೆಲಸದ ಮೇಲೆಯೇ ನಿಂತಿತ್ತು. ಬಾಯಿ ಮುಚ್ಚಿಕೊಂಡರೆ ಯಾರಿಗೂ ತಿಳಿಯುವಂತಿರಲಿಲ್ಲ. ಆ ಟ್ಯೂಬುಗಳನ್ನು ಅಂದೇ ಕಸಕ್ಕೆ ಹಾಕಿದವಳೂ ಆಕೆಯೇ. ಆದರೆ ಇವನ ಮೈಗೆ ಏನು ಸೇರಿದೆಯೋ, ನೋಡಿಸದೆ ಬಿಡುವುದು ಹೇಗೆ?

ನಲ್ಲಿ ನಿಲ್ಲಿಸಿದಳು.

"ಮಾರೆಪ್ಪ, ಅವತ್ತು ನಿಮ್ಮಿಬ್ಬರ ಟ್ಯೂಬಿನ ಮ್ಯಾಲೂ ಲಾರಿ ನಂಬರ ಬರದುಬಿಟ್ಟಿದ್ದೆ. ಯಾರದು ಯಾರಿಗೆ ಹೋತೋ ನನಗ ಗೊತ್ತಿಲ್ಲಪಾ. ತಪ್ಪು ನಂದು. ಈಗ ಡಾಕ್ಟರಿಗೆ ಹೇಳಾಕ ಹೊಂಟೀನಿ. ನಿನ್ನ ರಕ್ತ ಪರೀಕ್ಷಿ ಮಾಡಸ್ತಾರ, ಅಲ್ಲೀತನ ಹೋಗಬ್ಯಾಡ."

ಮಾರೆಪ್ಪ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಆಕೆಗೆ ಹಗುರಾಗುತ್ತಿತ್ತು. ಬೇಸಿನ್ನಿನಲ್ಲಿ ಇಳಿದುಹೋಗುತ್ತಿದ್ದ ನಸುಗೆಂಪು ನೀರನ್ನೇ ನೋಡುತ್ತ ನಿಂತ.

"ಹಂಗಾದ್ರ ನಂದು ಅಂವಗ ಹೋಗೇತಿ," ಎಂದ. ಆಮೇಲೆ ಮೆಲ್ಲಗೆ, "ನನ್ನ ರಕ್ತಾನೂ ಮಣ್ಣಾಗ ಐತ್ರಿ, ಅಕ್ಕಾರ."

ವಿರುಪಮ್ಮನಿಗೆ ಮಾತ್ರ ಹೇಳಬೇಡಿ ಎಂದು ಕೇಳಿಕೊಂಡು ಹೊರಗೆ ನಡೆದ.

ಕೊಟ್ರಬಸಮ್ಮ ಡಾಕ್ಟರ ಕೋಣೆಯ ಪರದೆ ಸರಿಸಿ, ಒಂದು ಮಾತಿದೆ ಎಂದಳು. ಬರೆಯುತ್ತಿದ್ದ ಡಾಕ್ಟರು ತಲೆಯೆತ್ತಿದರು. ಆಕೆ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಲೊಚಗುಟ್ಟುವ ಆ ಸದ್ದು ಕೇಳಿತು. ಹೊಲಿಗೆ ಹೋದ ಜಾಗವನ್ನು ಮಾರೆಪ್ಪ ನಾಲಿಗೆಯಿಂದ ಚೀಪಿದ್ದ, ಅಷ್ಟೇ. ಒಂದು ಸಲ, ಮತ್ತೊಂದು ಸಲ.

ಕಿಟಕಿಯತ್ತ ಮುಖ ಮಾಡಿ ಕೂತಿದ್ದ ವಿರುಪಮ್ಮ ತಿರುಗಿ ನೋಡಲಿಲ್ಲ. ಸೆರಗು ಸರಿಮಾಡಿಕೊಂಡು, ಕಾಯಿಯ ಚೀಲ ಎತ್ತಿಕೊಂಡು ಎದ್ದಳು. ಮಾರೆಪ್ಪ ಬಂದು ಬೆಂಚಿನ ತುದಿಯಲ್ಲಿ ಕೂತ. ಆಕೆ ತಲೆ ಬಗ್ಗಿಸಿ ಅವನ ಒಂದು ಹೆಜ್ಜೆ ಹಿಂದೆ ನಿಂತೇ ಇದ್ದಳು, ಅವನು ನಡೆಯುವುದನ್ನು ಕಾಯುತ್ತ.