ಅಣ್ಣನ ಬಾಯಲ್ಲಿ ಒಂದು ಮಾತು

ಅಣ್ಣ ಮಾತು ಬಿಟ್ಟು ಮೂವತ್ತೆಂಟು ದಿನವಾಗಿತ್ತು. ಮೆದುಳಿನ ರಕ್ತನಾಳ ಒಡೆದು ಬಿದ್ದವನು ಆಸ್ಪತ್ರೆಯಲ್ಲಿ ಕಣ್ಣು ತೆರೆದೇ ಮಲಗಿದ್ದ. ಉಸಿರಾಟವನ್ನು ಯಂತ್ರ ನೋಡಿಕೊಳ್ಳುತ್ತಿತ್ತು. ಒಳಗೆ ಇದ್ದಾನೋ, ಬೀಗ ಹಾಕಿಕೊಂಡು ಹೊರಟುಬಿಟ್ಟಿದ್ದಾನೋ, ಡಾಕ್ಟರಿಗೂ ಗೊತ್ತಿರಲಿಲ್ಲ. "ಮಾತಾಡಿಸ್ತಾ ಇರಿ" ಎಂದಿದ್ದರು.

ಮಿಮಿಕ್ರಿ ಮಾಡಿ ಹೊಟ್ಟೆ ಹೊರೆಯುವ ನನಗೆ ಅಷ್ಟು ಹೇಳಿದರೆ ಸಾಲದೇ? ದಿನಾ ಬೆಳಿಗ್ಗೆ ಅವನ ಕಿವಿಗೆ ಬಾಗಿ, ತೀರಿಹೋದ ಅಮ್ಮನಾಗಿ ಬೈದೆ. ಅವನ ಮ್ಯಾನೇಜರಾಗಿ ಮೂಗಿನಲ್ಲೇ ಗದರಿದೆ. ಆ ದಿನ ಪರದೆಯ ಮೇಲೆ ನಾಡಿ ಎಪ್ಪತ್ತರಿಂದ ತೊಂಬತ್ತಕ್ಕೆ ಹಾರಿತು.

"ಅತ್ತಿಗೆ, ನೋಡಿ! ಈಗಲೂ ಹೆದರ್ತಾನೆ!"

"ನೀವು ಟ್ಯೂಬ್ ಮೇಲೆ ಕೈ ಊರಿದ್ದೀರಿ," ಎಂದಳು ನರ್ಸು. "ಯಾರ ಥರ ಬೇಕಾದ್ರೂ ಮಾತಾಡಿ, ಕೈ ಮಾತ್ರ ತೆಗೀರಿ."

ಅಂದು ಡಾಕ್ಟರು ಅತ್ತಿಗೆಯ ಕೈಗೊಂದು ಕಾಗದ ಕೊಟ್ಟಿದ್ದರು. ಯಂತ್ರ ಇಡುವುದೋ, ತೆಗೆಯುವುದೋ, ಅತ್ತಿಗೆಯೇ ಬರೆದು ಸಹಿ ಹಾಕಬೇಕು. ಪೆನ್ನಿನ ಮುಚ್ಚಳ ಕಚ್ಚಿ ಕಚ್ಚಿ ನುರಿದಿತ್ತು.

"ಗಿಣಿ," ಎಂದರು. ನಾನು ಅವರಿಗೆ ಮೊದಲಿನಿಂದಲೂ ಗಿಣಿ. "ಫೋನಲ್ಲಿ ಅವರ ಥರ ಮಾತಾಡಿ ನನಗೆಷ್ಟು ಸಲ ಟೋಪಿ ಹಾಕಿಲ್ಲ ನೀನು! ಇವತ್ತೊಂದ್ಸಲ ಅವರ ಬಾಯಲ್ಲೇ ಹೇಳಿಬಿಡು, ಅವರಿಗೇನು ಬೇಕು ಅಂತ."

"ನನಗೇನು ಗೊತ್ತು ಅತ್ತಿಗೆ?"

"ನಿನಗಲ್ಲದೆ ಇನ್ಯಾರಿಗೆ ಗೊತ್ತು? ಅವರ ಕೆಮ್ಮನ್ನೂ ಬಿಟ್ಟಿಲ್ಲ ನೀನು."

ಕೆಮ್ಮು ಗೊತ್ತಿತ್ತು. ಯಾರನ್ನೇ ಅನುಕರಿಸುವಾಗಲೂ ಮೊದಲು ಅವರ ಉಸಿರು ಎಲ್ಲಿ ತುಂಡಾಗುತ್ತದೆಂದು ಹಿಡಿಯುತ್ತೇನೆ. ಮಾತು ತಾನಾಗಿ ಬರುತ್ತದೆ. ಈಗ ಅವನ ಉಸಿರೇ ಯಂತ್ರದ್ದು. ಇಷ್ಟು ವರ್ಷ ಅಣ್ಣನ ಗಂಟಲಲ್ಲಿ ಬಾಡಿಗೆಗಿದ್ದ ನಾನು ಮೇಲಿನ ಮಹಡಿ ಹತ್ತಿ ಅವನ ತಲೆಯೊಳಗೆ ಇಣುಕಿಯೇ ಇರಲಿಲ್ಲ.

ಆದರೂ ಕಣ್ಣು ಮುಚ್ಚಿ ದನಿ ಸರಿಮಾಡಿಕೊಂಡೆ.

"ಸಾಕು ಕಣೇ. ಬಿಟ್ಬಿಡು."

ಅತ್ತಿಗೆ ಬಿಕ್ಕುತ್ತಲೇ ಸಹಿ ಹಾಕಿದರು.

ಮರುದಿನ ಹನ್ನೊಂದಕ್ಕೆ ಯಂತ್ರ ನಿಲ್ಲಿಸಿದರು. ಅಣ್ಣ ತಕ್ಷಣ ಹೋಗಲಿಲ್ಲ. ಇಪ್ಪತ್ತು ನಿಮಿಷ ತಾನೇ ಉಸಿರೆಳೆದ, ನಾನು ಎಂದೂ ಕೇಳದ ಲಯದಲ್ಲಿ. ಅದು ಬೇಕೆನ್ನುವವನ ಉಸಿರೋ ಸಾಕೆನ್ನುವವನದೋ, ಎಷ್ಟು ಕಿವಿಗೊಟ್ಟರೂ ಹಿಡಿಯಲಾಗಲಿಲ್ಲ. ಆಮೇಲೆ ಅದೂ ನಿಂತಿತು.

ಹೊರಗೆ ಅತ್ತಿಗೆ ನನ್ನ ತೋಳು ಹಿಡಿದರು.

"ನಿಜ ಹೇಳು ಗಿಣಿ. ನಿನ್ನೆಯದು ಅವರದೇ ಮಾತು ತಾನೆ?"

ಮೂವತ್ತೆಂಟು ದಿನ ಮಂಚದ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಸಾಕಾಗಿದ್ದವನು ಒಬ್ಬ ಇದ್ದ. ಅವನು ಮಂಚದ ಮೇಲೆ ಇರಲಿಲ್ಲ.

"ಅಣ್ಣನದೇ ಅತ್ತಿಗೆ," ಎಂದೆ, ನನ್ನ ಸ್ವಂತ ದನಿಯಲ್ಲಿ.

"ಹಂಗಾದ್ರೆ ಸರಿ," ಎಂದು ಅವರು ಮುಖ ಒರೆಸಿಕೊಂಡರು.