ಹಾಡು ಕಟ್ಟಿದವನ ಹೆಸರು

ಬೀರಲಿಂಗಯ್ಯ ಎಲೆಯಡಿಕೆ ಚೀಲವನ್ನು ತಂಗಿಯ ತಲೆಯ ಪಕ್ಕ ಇಟ್ಟ. ವಜೀರಾ ಅದನ್ನೆತ್ತಿ ಅವನ ಕೈಗೇ ವಾಪಸು ಕೊಟ್ಟಳು.

"ಲಕ್ಷ್ಮಕ್ಕ ಎಲೆಅಡ್ಕೆ ಹಾಕ್ತಿರ್ಲಿಲ್ಲ ಕಣಣ್ಣ," ಎಂದಳು. "ಹದ್ನಾಲ್ಕು ವರ್ಸ ಅಕ್ಕಪಕ್ಕ ಕುಂತು ರೇಷ್ಮೆ ಗೂಡು ಬಿಚ್ಚಿದೀವಿ. ಒಂದಿನಾನೂ ನೋಡ್ಲಿಲ್ಲ."

"ಹಂಗಾರೆ ಸಿಹಿ ಗಿಹಿ ಏನಾರ? ಇಷ್ಟವಾದದ್ದು ಒಂದ ಜೊತೆಗಾಕಿ ಮಣ್ಣು ಮುಚ್ಬೇಕು. ಬರಿಗೈಲಿ ಕಳ್ಸಕಾಯ್ತದಾ?"

ವಿರೂಪಾಕ್ಷಿಪುರದ ಕಡೆ ಕುರಿ ಮೇಯಿಸಿಕೊಂಡಿದ್ದ ಬೀರಲಿಂಗಯ್ಯನಿಗೆ, ತಂಗಿ ಪುಟ್ಟಲಕ್ಷ್ಮಮ್ಮ ರಾಮನಗರ ಸೇರಿದ ಮೇಲೆ ಏನು ತಿಂದಳು, ಏನು ಬಿಟ್ಟಳು ಒಂದೂ ಗೊತ್ತಿರಲಿಲ್ಲ. ವರ್ಷಕ್ಕೊಮ್ಮೆ ಬಂದು, ಸೀರೆ ಕೊಟ್ಟು, ಉಂಡು, ಕೊನೇ ಬಸ್ಸಿಗೆ ಓಡುತ್ತಿದ್ದ ಅಣ್ಣ ಅವನು. ಬೆಳಗಿನ ಜಾವ ಉಬ್ಬಸ ಹೆಚ್ಚಾಗಿ ತೀರಿಕೊಂಡಳು ಎಂಬ ಸುದ್ದಿ ಮುಟ್ಟಿದಾಗ ಅಂಗಿಯನ್ನು ತಿರುವುಮುರುವಾಗಿ ಹಾಕಿಕೊಂಡು ಬಂದಿದ್ದ. ಯಾರಿಗೂ ಅದನ್ನು ಹೇಳುವ ಮನಸ್ಸಾಗಿರಲಿಲ್ಲ.

ಎಲ್ಲರೂ ಮಗಳ ಮುಖ ನೋಡಿದರು. ಸರಸು ಗೋಡೆಗೆ ಒರಗಿ ಕೂತಿದ್ದಳು. ಕನಕಪುರದ ಒಂದು ಕಾನ್ವೆಂಟಿನಲ್ಲಿ ಇಂಗ್ಲಿಷ್ ಮಿಸ್ಸು ಅವಳು. ಅತ್ತು ಅತ್ತು ಕಣ್ಣು ಊದಿದ್ದರೂ ಸೆರಗಿನ ಪಿನ್ನು ಕದಲಿರಲಿಲ್ಲ.

"ನೀನಾರ ಹೇಳವ್ವ. ಏನಿಷ್ಟ ಇತ್ತು ಅವಳ್ಗೆ?"

ಸರಸುಗೆ ಗೊತ್ತಿತ್ತು. ಸಂಕಟ ಅದೇ. "ಅವ್ವಂಗೆ ಒಂದು ಹೆಸರು ಬೇಕಿತ್ತು ಮಾವ," ಎಂದಳು. "ಅದನ್ನ ನಾನೇ ಓದಿ ಹೇಳ್ಬೇಕಿತ್ತು. ಹೇಳ್ಲಿಲ್ಲ."

*

ರೇಷ್ಮೆ ಊರನ್ನೇ ಎತ್ತಿ ಹಿಡಿದಿದ್ದ ಕಾಲ ಅದು. ಮಾಗಡಿ, ಕನಕಪುರದ ಕಡೆಯಿಂದ ಗೂಡು ತುಂಬಿಕೊಂಡ ಲಾರಿಗಳು ಬೆಳಕು ಹರಿಯುವ ಮೊದಲೇ ಮಾರ್ಕೆಟ್ಟಿನ ಮುಂದೆ ಸಾಲು ನಿಲ್ಲುತ್ತಿದ್ದವು. ಗಲ್ಲಿ ಗಲ್ಲಿಯಲ್ಲಿ ಒಲೆ ಉರಿಯುತ್ತಿತ್ತು. ಬೆಂದ ಹುಳದ ನಾತಕ್ಕೆ ಹೊಸಬರು ಮೂಗು ಮುಚ್ಚಿಕೊಂಡರೆ, ಹಳಬರು ಅದರಲ್ಲೇ ಉಂಡು, ಅದರಲ್ಲೇ ಮಕ್ಕಳ ಮದುವೆ ಮಾಡುತ್ತಿದ್ದರು. ಗಂಡ ಸತ್ತ ಮೇಲೆ ಗೂಡಿನಿಂದ ನೂಲು ತೆಗೆಯುವ ಗೌಸ್ ಸಾಹೇಬರ ಫಿಲೇಚರಿನಲ್ಲಿ ಬಿಸಿನೀರಿನ ಮುಂದೆ ಕೂತ ಪುಟ್ಟಲಕ್ಷ್ಮಮ್ಮ ಅಲ್ಲಿಂದಲೇ ಮಗಳನ್ನು ಓದಿಸಿದಳು, ಮದುವೆ ಮಾಡಿ ಕಳಿಸಿದಳು.

ಅವಳು ಕೂರುತ್ತಿದ್ದದ್ದು ಗೋಡೆ ಬದಿಗೆ. ಒಂದೇ ಇಟ್ಟಿಗೆಯ ಗೋಡೆ. ಎಂಟು ವರ್ಷದ ಹಿಂದೆ ಅದರ ಆಚೆ ಹಬೀಬ್ ಟಿವಿ ಗೇಮಿನ ಅಂಗಡಿ ಇಟ್ಟ. ಒಂದು ಟಿವಿ, ಆಟದ ಪೆಟ್ಟಿಗೆ, ನಾಲ್ಕು ಕ್ಯಾಸೆಟ್ಟು, ಎರಡು ಸ್ಟೂಲು, ಅಷ್ಟೇ. ಫಿಲೇಚರಿನ ಹೆಂಗಸರು ಆ ಕುಯ್ಯೋ ಮುಯ್ಯೋ ಸದ್ದಿಗೆ ಒಂದು ವಾರ ಶಾಪ ಹಾಕಿ ಸುಮ್ಮನಾದರು. ಪುಟ್ಟಲಕ್ಷ್ಮಮ್ಮ ಮಾತ್ರ ಕಿವಿ ಕೊಟ್ಟಳು.

ಆಟವನ್ನು ಅವಳು ಕಣ್ಣಲ್ಲಿ ಕಂಡವಳೇ ಅಲ್ಲ. ಅವಳಿಗೆ ದಕ್ಕಿದ್ದು ಗೋಡೆ ದಾಟಿ ಬಂದ ಹಾಡುಗಳಷ್ಟೇ. ದೀಪ ಹಿಡಿದ ಗೊಂಬೆಯೊಂದು ನೀರು, ಗುಹೆ, ಕೋಟೆ ದಾಟಿಕೊಂಡು ಹೋಗುವ ಆಟ ಒಂದಿತ್ತಂತೆ. ಅದರ ಹಾಡುಗಳ ಮೇಲೆಯೇ ಅವಳು ಗೂಡು ಬೇಯಿಸುವ ಹೊತ್ತನ್ನು ಅಳೆಯತೊಡಗಿದಳು. ನೀರಿನ ಹಾಡಾದರೆ ಎರಡು ಸುತ್ತು, ಕೋಟೆ ಹಾಡಾದರೆ ಮೂರು. ಅಷ್ಟಾದಾಗ ಗೂಡೆತ್ತಿದರೆ ಎಳೆ ಸಲೀಸಾಗಿ ಬಿಚ್ಚಿಕೊಳ್ಳುತ್ತಿತ್ತು. ಹಬೀಬ್ ತಮ್ಮನ ಮದುವೆಗೆ ಅಂಗಡಿ ಮುಚ್ಚಿದ ಮೂರು ದಿನ ಗೂಡು ಹದ ಮೀರಿ ಬೆಂದು ಎಳೆ ಕಿತ್ತು ಕಿತ್ತು ಬಂತು. ಗೌಸ್ ಸಾಹೇಬರು ನೀರನ್ನು ಬೈದರು, ಸೌದೆಯನ್ನು ಬೈದರು, ಗೂಡು ಬೆಳೆದ ರೈತನನ್ನೂ ಬೈದರು. ನಿಜ ಗೊತ್ತಾದ ಮೇಲೆ ಬೈಯಲು ಯಾರೂ ಉಳಿಯದೆ ಒಂದು ಗಡಿಯಾರ ತಂದು ತೂಗುಹಾಕಿದರು. ಅವಳು ಅದರ ಕಡೆ ತಿರುಗಿಯೂ ನೋಡಲಿಲ್ಲ.

ಅವಳ ವಿಮರ್ಶೆಯೆಲ್ಲ ವಜೀರಾಳ ಕಿವಿಗೆ.

"ನೀರಿನ ಹಾಡು ಕಟ್ದೋನೇ ಕಣೆ ಕೋಟೇದೂ ಕಟ್ಟಿರೋನು. ಕಾರು ಓಡ್ಸೋ ಆಟದೋನು ಬ್ಯಾರೆ. ಅವ್ನಿಗೆ ಬಸ್ಸು ತಪ್ಪೋಯ್ತದೆ ಅನ್ನೋ ಅರ್ಜೆಂಟು, ಉಸ್ರು ತಗಳಕ್ಕೂ ಬುಡಾಕಿಲ್ಲ. ಆ ಹಕ್ಕಿ ಹೊಡ್ಯೋ ಆಟದೋನು ಕೂಲಿಗೆ ಕಟ್ಟವ್ನೆ. ಮನಸಿಲ್ಲ ಅವ್ನಿಗೆ."

"ಅದು ಮಿಷಿನ್ ಲಕ್ಷ್ಮಕ್ಕ. ಮಿಷಿನ್ನಿಗೆ ಎಲ್ಲೀ ಮನಸು?"

"ಮಿಷಿನ್ನಾದ್ರೆ ನಡೂಮಧ್ಯ ಯಾಕೆ ನಿಂತ್ಕತದೆ? ಕೋಟೆ ಹಾಡ್ನಾಗೆ ಕೇಳು. ಒಂದ್ಕಡೆ ಸುಮ್ಕಾಯ್ತದೆ. ಏನೋ ಹೇಳಕ್ಕೋಗಿ ಬ್ಯಾಡ ಅಂತ ಬುಟ್ಟಂಗೆ. ಯಾರ್ನೋ ಕಳ್ಕಂಡವ್ನೆ ಕಣೆ ಅವ್ನು."

ಅದೇ ಆಟದಲ್ಲಿ ಕೊನೇ ಹಾಡು ಅಂತ ಒಂದಿತ್ತು. ಆಟ ಪೂರ್ತಿ ಗೆದ್ದವರಿಗೆ ಮಾತ್ರ ಬರುವಂಥದ್ದು. ಎಂಟು ವರ್ಷದಲ್ಲಿ ಅವಳು ಅದನ್ನು ಕೇಳಿದ್ದು ಆರೇ ಸಲ. ಆರು ಸಲವೂ ಕೈ ನಿಂತುಹೋಗಿ ಎಳೆ ತುಂಡಾಗಿತ್ತು. ಆರನೇ ಸಲ ಕೇಳಿದ ದಿನ ಕೆಲಸ ಬಿಟ್ಟವಳೇ ಒದ್ದೆ ಸೀರೆಯಲ್ಲೇ ಅಂಗಡಿಯ ಬಾಗಿಲಿಗೆ ಹೋಗಿ, ಇದನ್ನು ಕಟ್ಟಿದವನು ಯಾರು ಎಂದು ಕೇಳಿದಳು. ಹಬೀಬ್ ನಗಲಿಲ್ಲ. ಕೊನೇ ಹಾಡು ಬರುವಾಗ ಟಿವಿಯಲ್ಲಿ ಹೆಸರುಗಳು ಮೇಲಕ್ಕೆ ಹೋಗುತ್ತವೆ, ಇಂಗ್ಲಿಷಿನಲ್ಲಿರುವುದರಿಂದ ತನಗೆ ಓದಲು ಬರುವುದಿಲ್ಲ ಎಂದ.

"ನನ್ ಮಗ್ಳಿಗೆ ಬತ್ತದೆ," ಎಂದು ಪುಟ್ಟಲಕ್ಷ್ಮಮ್ಮ ಹೆಮ್ಮೆಯಿಂದ ಹೇಳಿ ಬಂದಳು.

*

"ಕೇಳಿದ್ದಾ ನಿನ್ನ?" ಎಂದ ಬೀರಲಿಂಗಯ್ಯ.

"ಗೌರಿ ಹಬ್ಬಕ್ಕೆ ಬಂದಾಗ ಕೇಳಿತ್ತು ಮಾವ," ಎಂದಳು ಸರಸು. ಅದಕ್ಕೆ ತಾನು ಕೊಟ್ಟ ಉತ್ತರವನ್ನು ಅಷ್ಟು ಜನರ ಮುಂದೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಪೋಲಿಗಳು ಸೇರುವ ಅಂಗಡಿಯಲ್ಲಿ ನಾನು ಬಂದು ಕೂರಬೇಕೇ, ಯಾರಾದರೂ ಕಂಡು ಕಾನ್ವೆಂಟಿನವರಿಗೆ ಹೇಳಿದರೆ ನನ್ನ ಮರ್ಯಾದೆ ಏನಾದೀತು, ವಯಸ್ಸಾಗುತ್ತಾ ನಿನಗೆ ಬುದ್ಧಿ ಕಡಿಮೆಯಾಗುತ್ತಿದೆ ಎಂದೆಲ್ಲ ಅಂದಿದ್ದಳು. ಅವ್ವ ಎದುರಾಡಲಿಲ್ಲ. "ಆಯ್ತು ಬುಡು. ಹೆಸ್ರು ಗೊತ್ತಾದ್ರೆ ಒಂದ್ಸಲ ಕೂಗಿ ನೋಡವ ಅಂತಿದ್ದೆ, ಅಷ್ಟೇಯ," ಎಂದು ಮಗಳ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿದ್ದಳು. ಆಮೇಲೆ ಆ ಮಾತೇ ಎತ್ತಲಿಲ್ಲ.

ಸರಸು ಎದ್ದು ಹೊರಗೆ ಹೋದಳು. ಶಾಮಿಯಾನದ ಕೆಳಗೆ ಗೌಸ್ ಸಾಹೇಬರ ಪಕ್ಕ ಹಬೀಬ್ ಕೂತಿದ್ದ. ನಲವತ್ತರ ಹತ್ತಿರದ ಆಳು, ತಲೆ ಬಗ್ಗಿಸಿಕೊಂಡಿದ್ದ.

"ಹಬೀಬಣ್ಣ, ಆ ಆಟನ ಕೊನೇವರ್ಗೂ ಆಡಕ್ಕೆ ಎಷ್ಟೊತ್ತು ಬೇಕು?"

ಯಾವ ಆಟವೆಂದು ಅವನು ಕೇಳಲಿಲ್ಲ. "ಒಂದೂವರೆ ಗಂಟೆ ಬೇಕಮ್ಮಾ. ಮೂರಕ್ಕೆ ಕರೆಂಟ್ ತೆಗಿತಾರೆ. ತೆಗೆದ್ರೆ ಮತ್ತೆ ಮೊದಲಿಂದ." ಗೌಸ್ ಸಾಹೇಬರು ವಾಚು ನೋಡಿದರು. ಒಂದೂ ಕಾಲಾಗಿತ್ತು.

ಹಿಂದೆಯೇ ಬಂದಿದ್ದ ಬೀರಲಿಂಗಯ್ಯನಿಗೆ ರೇಗಿತು. "ಹೆಣ ಮನೇಲಿಟ್ಕಂಡು ಆಟ ಆಡ್ತೀರೇನ್ರಪ್ಪಾ? ನಂಟ್ರು ಏನಂದಾರು?"

"ಮಣ್ಣು ಮುಚ್ಚೋ ಮುಂಚೆ ಅವ್ವನ ಕಿವೀಲಿ ಆ ಹೆಸರು ಹೇಳ್ಬೇಕು ಮಾವ. ಹುಟ್ಟಿದಾಗಿಂದ ನನ್ನ ಹತ್ರ ಅವ್ವ ಕೇಳಿದ್ದು ಅದೊಂದೇ."

ಬೀರಲಿಂಗಯ್ಯ ಟವೆಲ್ಲಿನಿಂದ ಮುಖ ಒರೆಸಿಕೊಂಡ. ತಂಗಿ ತನ್ನ ಹತ್ತಿರ ಏನಾದರೂ ಕೇಳಿದ್ದಳೇ ಎಂದು ನೆನೆಸಿಕೊಳ್ಳಲು ನೋಡಿದ. ಕೇಳಿರಲಿಲ್ಲ, ಅಥವಾ ಕೇಳುವ ಹೊತ್ತಿಗೆ ಅವನು ಬಸ್ಸಿಗೆ ಓಡುತ್ತಿದ್ದ.

"ದಾರೀಲಿ ಎಲ್ಲಾರ ಒಂದ್ಕಡೆ ಹೆಣ ಇಳ್ಸಿ ದಿಕ್ಕು ತಿರುಗ್ಸಲೇಬೇಕು," ಎಂದ ಕೊನೆಗೆ. "ಆ ಅಂಗ್ಡಿ ಮುಂದೇನೇ ಇಳಿಸ್ತೀವಿ. ಮೂರು ಹೊಡ್ಯೋಗಂಟ ನಿಮ್ದು. ಆಮ್ಯಾಕೆ ನಾ ಒಂದು ಗಳಿಗೆ ನಿಲ್ಲಾಕಿಲ್ಲ."

ಹಬೀಬ್ ಆಗಲೇ ಚಪ್ಪಲಿ ಹುಡುಕುತ್ತಿದ್ದ.

*

ಮೆರವಣಿಗೆ ಅಂಗಡಿಯ ಮುಂದೆ ಬಂದಾಗ ಎರಡೂ ಮುಕ್ಕಾಲು. ಗೌಸ್ ಸಾಹೇಬರು ಅಂದು ಒಲೆ ಹಚ್ಚಿಸಿರಲಿಲ್ಲ. ಫಿಲೇಚರಿನ ಬಾಗಿಲಿಗೆ ಬೀಗ ಬಿದ್ದಿತ್ತು. ಹೆಣ ಇಳಿಸಿದರು. ಸರಸು ಹೆಂಗಸರ ಗುಂಪಿನಿಂದ ಬಿಡಿಸಿಕೊಂಡು ಒಳಗೆ ನುಗ್ಗಿದಳು. ಅಂಥ ಅಂಗಡಿಯೊಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು.

ಹಬೀಬನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಟಿವಿಯಲ್ಲಿ ಬೆರಳುದ್ದದ ಗೊಂಬೆ ದೀಪ ಹಿಡಿದು ಕೋಟೆ ಹತ್ತುತ್ತಿತ್ತು.

"ಒಂದೇ ಜೀವ ಉಳಿದೈತೆ," ಎಂದ ಅವನು ತಿರುಗದೆ. "ತಮಟೆ ಸದ್ದಲ್ಲಿ ಹಾಡು ಕೇಳಿಸ್ತಿಲ್ಲಮ್ಮಾ. ನಾನೂ ಕೇಳ್ಕೊಂಡೇ ಆಡೋದು. ಎಲ್ಲಿ ನೆಗೀಬೇಕು ಅಂತ ಗೊತ್ತಾಗಲ್ಲ."

ಹೆಣ ಬೀದಿಯಲ್ಲಿರುವಾಗ ತಮಟೆ ನಿಲ್ಲಿಸುವ ಪದ್ಧತಿಯಿಲ್ಲ. ಸರಸು ಬಾಗಿಲಲ್ಲಿ ನಿಂತು ಮಾವನ ಮುಖ ನೋಡಿದಳು. ಅವನೂ ಅವಳನ್ನು ನೋಡಿದ. ಆಮೇಲೆ ತಮಟೆಯವರ ಮುಂದೆ ಹೋಗಿ ಕೈ ಎತ್ತಿಬಿಟ್ಟ. ಬೀದಿ ಒಮ್ಮೆಲೇ ಸ್ತಬ್ಧವಾಯಿತು. ಇದೇನು ಕೇಡುಗಾಲ ಎಂದು ಯಾರೋ ಗೊಣಗಿದರು. "ಸುಮ್ಕಿರ್ರಲಾ ಒಸಿ," ಎಂದ ಬೀರಲಿಂಗಯ್ಯ.

ಆಗ ಕೋಟೆ ಹಾಡು ಕೇಳಿಸಿತು. ಪೀಪಿಯಂಥ ತೆಳ್ಳನೆಯ ಸದ್ದು, ಮೇಲಕ್ಕೆ ಹೋಗಿ, ಇಳಿದು, ಮತ್ತೆ ಮೇಲೆ ಹೋಗುತ್ತಾ ಒಂದು ಕಡೆ ಸುಮ್ಮನಾಯಿತು. ನಿಜವಾಗಿಯೂ ಸುಮ್ಮನಾಯಿತು. ಅವ್ವನಿಗೆ ಬುದ್ಧಿ ಕಡಿಮೆಯಾಗಿರಲಿಲ್ಲ. ಅವ್ವ ಕೇಳಿಸಿಕೊಂಡದ್ದು ಇಲ್ಲಿ ಇತ್ತು.

"ಆರು ಸಲಾನೂ ಆಡಿ ಗೆದ್ದಿದ್ದು ನಾನೇ," ಎಂದ ಹಬೀಬ್, ಕಣ್ಣು ಟಿವಿಯಲ್ಲೇ ಇಟ್ಟು. "ಗಿರಾಕಿ ಇಲ್ದಾಗ ಸುಮ್ನೆ ಆಡ್ತಿದ್ದೆ. ಆಚೆ ಕಡೆ ಒಬ್ರು ಕಾಯ್ತಾವ್ರೆ ಅಂತ ಮೊದ್ಲೇ ಗೊತ್ತಿದ್ರೆ ವಾರಕ್ಕೊಂದ್ಸಲ ಆಡ್ತಿದ್ದೆನಮ್ಮಾ."

ಗೊಂಬೆ ಕೊನೆಯ ಮೆಟ್ಟಿಲು ನೆಗೆಯಿತು. ದೀಪವನ್ನು ಗೋಪುರದ ತುದಿಯಲ್ಲಿ ಇಟ್ಟಿತು. ಟಿವಿ ಕಪ್ಪಾಯಿತು. ಕೊನೇ ಹಾಡು ಶುರುವಾಯಿತು.

ಬಾಗಿಲ ಹೊರಗೆ ವಜೀರಾ ಬಾಯಿಗೆ ಸೆರಗು ಒತ್ತಿಕೊಂಡಳು. ಫಿಲೇಚರಿನ ಉಳಿದ ಹೆಂಗಸರೂ ತಲೆಯೆತ್ತಿದರು, ಗುರುತಿದ್ದ ಹಾಡು. ಬಿಳಿ ಅಕ್ಷರಗಳು ಕೆಳಗಿನಿಂದ ಒಂದೊಂದೇ ಸಾಲು ಮೇಲಕ್ಕೆ ಬರತೊಡಗಿದವು. ಸರಸು ಟಿವಿಯ ಮುಂದೆ ಮಂಡಿಯೂರಿ ಕೂತಳು.

"ಓದಮ್ಮಾ. ಬೇಗ ಬೇಗ ಹೋಗ್ತವೆ."

ಅವಳು ಓದಲಿಲ್ಲ. ಸಾಲುಗಳು ಮೇಲೆ ಹೋಗಿ ಮಾಯವಾಗುತ್ತಲೇ ಇದ್ದವು.

"ಇದು ಇಂಗ್ಲಿಷಲ್ಲ ಹಬೀಬಣ್ಣ."

"ಅಲ್ವಾ?" ಅವನು ಅವಳನ್ನೂ ಟಿವಿಯನ್ನೂ ನೋಡಿದ. ಕನ್ನಡವಲ್ಲದ್ದು, ಉರ್ದುವಲ್ಲದ್ದು ಎಲ್ಲವೂ ಇಂಗ್ಲಿಷೇ ಎಂದು ಎಂಟು ವರ್ಷ ನಂಬಿಕೊಂಡಿದ್ದವನು. "ಮತ್ತೆ ಯಾವ್ದು ಇದು?"

"ಗೊತ್ತಿಲ್ಲ. ಯಾವ ದೇಶದ್ದೋ."

ಕಡ್ಡಿ ಜೋಡಿಸಿದಂಥ ಅಕ್ಷರಗಳು. ಇವುಗಳಲ್ಲಿ ಹಾಡು ಕಟ್ಟಿದವನು ಯಾರು, ಚಿತ್ರ ಬರೆದವನು ಯಾರು, ತಿಳಿಯುವ ದಾರಿಯೇ ಇರಲಿಲ್ಲ. ಅಷ್ಟರಲ್ಲಿ ಕೊನೇ ಹಾಡೂ ಒಂದು ಕಡೆ ತಡೆದು ಸುಮ್ಮನಾಯಿತು. ಆ ಕ್ಷಣಕ್ಕೆ ನಡುವೆ ಇದ್ದ ಸಾಲೇ ಅವನದ್ದು ಎಂದು ಸರಸು ತೀರ್ಮಾನಿಸಿಬಿಟ್ಟಳು. ಬೇರೆ ಆಧಾರ ಏನೂ ಇರಲಿಲ್ಲ, ಅವಳಿಗೆ ಬೇಕಿತ್ತು ಅಷ್ಟೇ. ಹಬೀಬನ ಜೇಬಿನಿಂದ ಪೆನ್ನು ಕಿತ್ತುಕೊಂಡು ಎಡಗೈ ಅಂಗೈಯ ಮೇಲೆ ಗೀಚತೊಡಗಿದಳು. ಒಂದು ಅಕ್ಷರ ಮೂಡಿತು. ಎರಡನೆಯದಕ್ಕೆ ಅಡ್ಡಗೆರೆ ಎಳೆದಳು.

ಕರೆಂಟು ಹೋಯಿತು.

ಟಿವಿಯ ನಡುವೆ ಬೆಳಕಿನ ಚುಕ್ಕೆಯೊಂದು ಉಳಿದು, ಅದೂ ಆರಿತು. ಹಬೀಬ್ ಕತ್ತಲಲ್ಲಿ ಕೂತೇ ಇದ್ದ. ಹೊರಗೆ ಬೀರಲಿಂಗಯ್ಯ ಕೈ ಕೆಳಗಿಳಿಸಿದ, ತಮಟೆ ಶುರುವಾಯಿತು.

*

ಅರ್ಕಾವತಿಯ ದಂಡೆಯಲ್ಲಿ ಹೆಣವನ್ನು ಕೆಳಗಿಳಿಸುವ ಮೊದಲು ಬೀರಲಿಂಗಯ್ಯ ಎಲ್ಲರನ್ನೂ ಹಿಂದಕ್ಕೆ ಸರಿಸಿ ಸೋದರಸೊಸೆಗೆ ಜಾಗ ಮಾಡಿಕೊಟ್ಟ. ಸರಸು ಬಗ್ಗಿ ಅವ್ವನ ಕಿವಿಯ ಹತ್ತಿರ ಬಾಯಿ ತಂದಳು. ಹೇಳಲು ಏನೂ ಇರಲಿಲ್ಲ. ಎಷ್ಟೋ ಮಕ್ಕಳಿಗೆ ಅಕ್ಷರ ಕಲಿಸಿದ ಬಾಯಿ ಅದು, ಸುಮ್ಮನೆ ತೆರೆದುಕೊಂಡೇ ಇತ್ತು. ದೂರದಿಂದ ನೋಡಿದವರಿಗೆ ಮಗಳು ಏನೋ ಗುಟ್ಟು ಹೇಳುತ್ತಿದ್ದಾಳೆ ಅನಿಸಿತು.

"ಹೇಳಿದ್ಯಾ ಮಗಾ?"

"ಹೂಂ ಮಾವ," ಎಂದಳು.

ಮೂರು ಹಿಡಿ ಮಣ್ಣನ್ನು ಬಲಗೈಯಲ್ಲೇ ಹಾಕಿದಳು. ಮಣ್ಣು ಮುಚ್ಚಿ ಮುಗಿದ ಮೇಲೆ ಜನ ನೀರಿನ ಕಡೆ ನಡೆದರು. ಬೀರಲಿಂಗಯ್ಯ ಚೆಂಬು ಹಿಡಿದು ಒಬ್ಬೊಬ್ಬರ ಕೈಗೂ ನೀರು ಹುಯ್ಯುತ್ತಿದ್ದ. ಸರಸು ಬಂದು ಬಲಗೈ ಒಡ್ಡಿದಳು. ಅವನು ನೀರು ಹುಯ್ದ.

"ಏನಂತವ್ವ ಅವ್ನ ಹೆಸ್ರು?" ಎಂದು ಮೆಲ್ಲಗೆ ಕೇಳಿದ. ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ ಕೇಳಿದ್ದ.

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅವನು ಚೆಂಬನ್ನು ಮತ್ತೆ ಬಗ್ಗಿಸಿದ.

"ಆ ಕೈನೂ ತತ್ತಾ, ತೊಳ್ಕೊ."

ಸರಸು ಎಡಗೈಯನ್ನು ಮುಷ್ಟಿ ಕಟ್ಟಿ ಸೆರಗಿನೊಳಗೆ ಎಳೆದುಕೊಂಡಳು. ಚೆಂಬಿನ ನೀರು ಇಬ್ಬರ ನಡುವಿನ ಮರಳಿಗೆ ಸುರಿಯುತ್ತಲೇ ಇತ್ತು.