ಎಡಸುಳಿ

"ತಲೆ ಅಲ್ಲಾಡಿಸಬೇಡಿ ಅಂತ ಎಷ್ಟು ಸಲ ಹೇಳೋದು ಸಾರ್? ಅಂಟು ಒಣಗೋಕೆ ಇನ್ನೂ ಐದು ನಿಮಿಷ ಬೇಕು. ಅಷ್ಟರಲ್ಲಿ ಏನು ಗಂಟು ಮುಳುಗಿಹೋಗುತ್ತೆ?"

ವಿಗ್ ಮಾಡುವ ಹೆಂಗಸು ಅವನ ನೆತ್ತಿಯನ್ನು ಎರಡೂ ಅಂಗೈಯಿಂದ ಒತ್ತಿ ಹಿಡಿದಿದ್ದಳು. ಅವನ ಕಣ್ಣು ಮಾತ್ರ ಗೋಡೆ ಗಡಿಯಾರದ ಮೇಲೆ. ಹನ್ನೊಂದೂವರೆ. ಹನ್ನೆರಡೂಕಾಲಿನ ಬಸ್ಸು ಸಿಕ್ಕರೆ ಅಮ್ಮನ ಕಣ್ಣಿನ ಪಟ್ಟಿ ಬಿಚ್ಚುವ ನಾಲ್ಕು ಗಂಟೆಗೆ ಆಸ್ಪತ್ರೆ ತಲುಪಬಹುದು, ತಪ್ಪಿದರೆ ಇಲ್ಲ. ಅವನ ಬಲಗಾಲು ಕುರ್ಚಿಯ ಕೆಳಗೆ ಹೊಲಿಗೆ ಯಂತ್ರ ತುಳಿಯುವ ಹಾಗೆ ಕುಣಿಯುತ್ತಿತ್ತು.

ಅವಳ ಫೋನು ಮತ್ತೆ ಹೊಡೆದುಕೊಂಡಿತು. ಎರಡೂ ಕೈ ಬಿಡುವಂತಿಲ್ಲವಲ್ಲ, ಒಂದು ಕೈಯಲ್ಲಿ ಎತ್ತಿ ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೇ ಮಾತಾಡಿದಳು. "ಹೂಂ ಸಾರ್, ಸ್ನಾನ ಮಾಡಬಹುದು. ಮಲಗಬಹುದು. ಗಾಳಿಗೆ ಹಾರಲ್ಲ ಸಾರ್, ಅದೇನು ಗಾಳಿಪಟಾನಾ? ಹೆಂಡತಿಗೆ ಗೊತ್ತಾಗುತ್ತಾ ಅಂದ್ರೆ... ಅದು ನಿಮ್ಮ ಮನೆಯವರು ನಿಮ್ಮನ್ನ ಎಷ್ಟು ನೋಡ್ತಾರೆ ಅನ್ನೋದರ ಮೇಲೆ." ಫೋನು ಪಕ್ಕದ ಮೇಜಿಗೆ ಜಾರಿಸಿ ಇವನಿಗೆ ಹೇಳಿದಳು. "ದಿನಕ್ಕೆ ಇಪ್ಪತ್ತು ಜನ. ಕೇಳೋದು ಮಾತ್ರ ಅದೇ ನಾಲ್ಕು ಪ್ರಶ್ನೆ."

"ಮುಟ್ಟಿದ್ರೆ ಗೊತ್ತಾಗುತ್ತಾ?" ಅವನು ಐದನೆಯದನ್ನು ಕೇಳಿದ.

"ಯಾರು ಮುಟ್ಟೋದು?"

"ನಮ್ಮಮ್ಮ."

"ಮೇಲಿಂದ ಸವರಿದ್ರೆ ಗೊತ್ತಾಗಲ್ಲ. ಬೆರಳು ಒಳಗೆ ಬಿಟ್ಟರೆ ಬಲೆ ಸಿಗುತ್ತೆ. ಬಿಡೋಕೆ ಬಿಡಬೇಡಿ." ಆಮೇಲೆ ಕೈಗನ್ನಡಿ ಎತ್ತಿ ಎದುರಿನ ದೊಡ್ಡ ಕನ್ನಡಿಯಲ್ಲಿ ಅವನ ಹಿಂದಲೆ ತೋರಿಸಿದಳು. ಪಕ್ಕದಲ್ಲಿ ಅವನೇ ಕೊಟ್ಟಿದ್ದ ಫೋಟೋ ಹಿಡಿದಳು. "ಬೇರೆಯವರಾದ್ರೆ ನೆತ್ತಿ ನಡುವೆ ಒಂದು ಸುಳಿ ಮಾಡಿ ಕೈತೊಳ್ಕೋತಾರೆ. ನಾನು ಇದನ್ನ ಎದುರಿಗಿಟ್ಟುಕೊಂಡು ಒಂದೊಂದೇ ಕೂದಲು ಗಂಟು ಹಾಕಿದೀನಿ. ಫೋಟೋದಲ್ಲಿ ಎಲ್ಲಿದೆಯೋ ಇಲ್ಲೂ ಅಲ್ಲೇ. ಸರಿಯಾಗಿ ನೋಡ್ಕೊಳ್ಳಿ."

ಅವನು ನೋಡಿದ. ಎರಡೂ ಒಂದೇ. ಕೂದಲಿದ್ದ ಕಾಲದಲ್ಲಿ ಅವನ ಹಿಂದಲೆಯ ಫೋಟೋ ಅಂತ ಇದ್ದದ್ದು ಅದೊಂದೇ. ಹೊಸ ಕಟ್ಟಡದಲ್ಲಿ ಲಿಫ್ಟ್ ಕೂರಿಸಿದ ದಿನ, ಲಿಫ್ಟಿನೊಳಗೆ ನಿಂತಿದ್ದ ಅವನನ್ನು ಮೇಸ್ತ್ರಿ ಎದುರಿನಿಂದ ತೆಗೆದದ್ದು; ಹಿಂದಿನ ಗೋಡೆಯ ಕನ್ನಡಿಯಲ್ಲಿ ಹಿಂದಲೆ ಪೂರ್ತಿ ಬಿದ್ದಿತ್ತು. ಮುಖ ಕತ್ತರಿಸಿ ತೆಗೆದು, ಕನ್ನಡಿಯ ಭಾಗವನ್ನಷ್ಟೇ ದೊಡ್ಡದು ಮಾಡಿಸಿ ತಂದುಕೊಟ್ಟಿದ್ದ. ಹದಿನಾಲ್ಕು ವರ್ಷದಿಂದ ಲಿಫ್ಟ್ ರಿಪೇರಿ ಮಾಡಿಕೊಂಡಿರುವವನಿಗೆ ಲಿಫ್ಟಿನ ಕನ್ನಡಿ ಒಂದು ಕನ್ನಡಿ ಅಂತಲೇ ಅನ್ನಿಸುವುದಿಲ್ಲ. ಅದೂ ಒಂದು ಗೋಡೆ, ಅಷ್ಟೆ.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಖಾಲಿಯಿದ್ದರೂ ಅವನು ನಡುವಿನ ದಾರಿಗೆ ಅಂಟಿಕೊಂಡು ಕೂತ. ಹಾರುವುದಿಲ್ಲ ಅಂತ ಅವಳು ಹೇಳಿದ್ದೇನೋ ನಿಜ. ಆದರೂ ಮುಂದಿನವನು ಗಾಜು ಸರಿಸಿದಾಗಲೆಲ್ಲ ಇವನ ಕೈ ತಾನಾಗಿ ಹಣೆಯ ಅಂಚಿಗೆ ಹೋಗಿ ಬರುತ್ತಿತ್ತು.

ಶುರುವಾದದ್ದು ನಾಲ್ಕು ತಿಂಗಳ ಹಿಂದೆ, ಹೆಲ್ಮೆಟ್ಟಿನೊಳಗೆ. ಮೊದಲು ಕಿವಿಯ ಮೇಲೆ ನಾಣ್ಯದಷ್ಟು ಜಾಗ ನುಣ್ಣಗಾಯಿತು. ಆಮೇಲೆ ಇನ್ನೊಂದು. ಆರು ವಾರ ಕಳೆಯುವಷ್ಟರಲ್ಲಿ ತಲೆ ಬಾಚುವುದು ಬೇಡ, ದಿಂಬು ಕೊಡವಿದರೆ ಸಾಕು ಅನ್ನುವ ಹಾಗಾಗಿ, ಕೊನೆಗೆ ಹುಬ್ಬು ಉಳಿದದ್ದೇ ಪುಣ್ಯ. ಉಚಿತ ಸಲಹೆಗೇನು ಬರ? ಮೇಸ್ತ್ರಿ ಈರುಳ್ಳಿ ರಸ ಹಚ್ಚಿಸಿದ; ಆ ವಾರವಿಡೀ ಜನ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದರು. ಒಬ್ಬ ಬೋರ್ ನೀರಿನ ಮೇಲೆ ತಪ್ಪು ಹೊರಿಸಿದ. ಇನ್ನೊಬ್ಬ, ಅಂಟುರೋಗವೋ ಏನೋ ಅಂತ ತನ್ನ ಹೆಲ್ಮೆಟ್ಟನ್ನು ಬೇರೆ ಮೊಳೆಗೆ ನೇತುಹಾಕಿದ. ಅದು ಮಾತ್ರ ಅವನಿಗೆ ಚುಚ್ಚಿತು.

ಚರ್ಮದ ಡಾಕ್ಟರಮ್ಮ ಸಮಾಧಾನದಿಂದ ಬಿಡಿಸಿ ಹೇಳಿದ್ದರು. ಅಂಟುರೋಗವಲ್ಲ, ಪ್ರಾಣಕ್ಕೆ ಅಪಾಯವಿಲ್ಲ. ಹೆಲ್ಮೆಟ್ಟಿನಿಂದಲೂ ಅಲ್ಲ, ನೀರಿನಿಂದಲೂ ಅಲ್ಲ. ಮೈಯೊಳಗಿನ ಕಾವಲುಗಾರರೇ ಕೂದಲಿನ ಬುಡವನ್ನು ಕಳ್ಳ ಅಂತ ತಿಳಿದು ಹೊಡೆಯುತ್ತಿದ್ದಾರೆ, ಅಷ್ಟೆ. ಮುಲಾಮು ಕೊಟ್ಟರು, ತಲೆಗೆ ಸೂಜಿ ಚುಚ್ಚಿದರು, ಮಾತ್ರೆ ಬರೆದರು. "ಮತ್ತೆ ಬರುತ್ತಾ ಡಾಕ್ಟ್ರೇ?" ಅಂದರೆ ಮಾತ್ರ, "ಬರಬಹುದು. ಬರದೇನೂ ಇರಬಹುದು. ಬಂದು ಮತ್ತೆ ಉದುರಲೂಬಹುದು. ಹೇಳೋಕಾಗಲ್ಲ" ಅನ್ನುವರು. ಮೂರು ಸಲ ಕೇಳಿದ, ಮೂರು ಸಲವೂ ಅದೇ. ಅವನಿಗೆ ಉರಿದುಹೋಗಿತ್ತು. ಲಿಫ್ಟ್ ಕೆಟ್ಟಾಗ ಇವನು ಹೋಗಿ, ಸರಿಹೋಗಬಹುದು, ಹೋಗದೇನೂ ಇರಬಹುದು ಅಂದರೆ ಜನ ಬಿಡುತ್ತಾರೆಯೇ?

ಇಷ್ಟೆಲ್ಲ ಆದರೂ ಕೂದಲು ಹೋದದ್ದಕ್ಕೆ ಅವನು ಅಷ್ಟೇನೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಅಮ್ಮ ಇಲ್ಲದಿದ್ದರೆ. ಒಂಬತ್ತು ವರ್ಷದ ಹಿಂದೆ ಅಪ್ಪ ಹೀಗೇ ಬೋಳುತಲೆ ಮಾಡಿಕೊಂಡು ಮನೆಗೆ ಬಂದಿದ್ದರು. ಸೆಕೆಗೆ ತೆಗೆಸಿದೆ ಅಂದಿದ್ದರು. ಕ್ಯಾನ್ಸರ್ ಅಂತ ಅಕ್ಕನಿಗೆ ಗೊತ್ತಿತ್ತು, ಇವನಿಗೆ ಗೊತ್ತಿತ್ತು, ಪಕ್ಕದ ಮನೆಯವರಿಗೂ ಗೊತ್ತಿತ್ತು. ಅಮ್ಮ ಕೇಳಿದಾಗಲೆಲ್ಲ ಅಪ್ಪ ತಲೆ ಸವರಿಕೊಂಡು, "ಬರುತ್ತೆ ಕಣೇ, ಬಂದೇ ಬರುತ್ತೆ, ಮೊದಲಿಗಿಂತ ದಟ್ಟವಾಗಿ ಬರುತ್ತೆ" ಅಂತ ನಗುವರು. ಅಮ್ಮನಿಗೆ ನಿಜ ತಿಳಿದಾಗ ಅಪ್ಪನಿಗೆ ಉಳಿದಿದ್ದದ್ದು ಹನ್ನೊಂದು ದಿನ. ಅಪ್ಪ ಹೋದದ್ದನ್ನು ಅವಳು ಹೇಗೋ ನುಂಗಿಕೊಂಡಳು. ಊರಿಗೆಲ್ಲ ಗೊತ್ತಿದ್ದು ತನಗೊಬ್ಬಳಿಗೆ ಗೊತ್ತಿಲ್ಲದೆ ಹೋದದ್ದನ್ನು ಇವತ್ತಿಗೂ ನುಂಗಿಕೊಂಡಿಲ್ಲ.

ಈಗ ಮಗನ ಬೋಳುತಲೆ ಕಂಡರೆ ಅವಳಿಗೆ ಏನು ಅನ್ನಿಸುತ್ತದೆ ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ಎರಡು ಕಣ್ಣಿಗೂ ಪೊರೆ ಬಂದು ಎರಡು ವರ್ಷ. ಒಂದಾದ ಮೇಲೊಂದು ಆಪರೇಷನ್ ಮಾಡುತ್ತೇವೆ ಅಂದಿದ್ದರು. ಕಣ್ಣು ಮಂಜಾದ ಮೇಲೆ ಅವಳು ಬಂದವರನ್ನು ಕೈಯಿಂದ ನೋಡುವುದು ಕಲಿತಿದ್ದಳು. ಇವನು ಹೋದಾಗಲೆಲ್ಲ ತಲೆ ಬಗ್ಗಿಸಬೇಕು, ಅವಳು ನೆತ್ತಿಯ ಎಡಕ್ಕೆ, ಎಲ್ಲರಿಗಿಂತ ತಿರುಗುಮುರುಗಾಗಿ ಸುತ್ತುವ ಸುಳಿಗೆ ಬೆರಳಿಟ್ಟು, "ಬಂದ್ಯಾ ಎಡಸುಳಿ?" ಅನ್ನಬೇಕು. ಹುಟ್ಟಿದಂದಿನಿಂದ ಅವಳು ಅವನನ್ನು ಕರೆದದ್ದೇ ಹಾಗೆ. ಆ ಕೈಗೆ ಹೆದರಿಯೇ ಅವನು ನಾಲ್ಕು ತಿಂಗಳಿಂದ ಕೆಲಸದ ನೆಪ ಹೇಳಿ ತಪ್ಪಿಸಿಕೊಂಡಿದ್ದ. ಈಗ ಒಂದು ಕಣ್ಣಿನ ಆಪರೇಷನ್ ಆಗಿತ್ತು. ನೆಪ ನಡೆಯಲಿಲ್ಲ. "ಪಟ್ಟಿ ಬಿಚ್ಚಿದಾಗ ಮೊದಲು ನನ್ನ ಎಡಸುಳೀನೇ ನೋಡಬೇಕು" ಅಂತ ಅಮ್ಮ ಹಟ ಹಿಡಿದಿದ್ದಾಳೆಂದು ಅಕ್ಕ ಫೋನು ಮಾಡಿದ್ದಳು.

ಅಕ್ಕ ಆಸ್ಪತ್ರೆಯ ಬಾಗಿಲಲ್ಲೇ ಕಾಯುತ್ತಿದ್ದಳು. ಅವನನ್ನು ಒಂದು ಸುತ್ತು ಹಾಕಿ ನೋಡಿದಳು. "ಪರವಾಗಿಲ್ಲ ಕಣೋ, ಮದುವೆ ಗಂಡಿನ ಹಾಗಿದೀಯ" ಅಂದವಳು ದನಿ ತಗ್ಗಿಸಿದಳು. "ಆದ್ರೂ ಹೇಳಿಬಿಡೋಣ. ಹಾಕ್ಕೊಂಡಿರೋದು ನೀನು, ಟೋಪಿ ಬೀಳ್ತಿರೋದು ಅಮ್ಮನಿಗೆ."

"ಹೇಳಿದ್ರೆ ನಂಬ್ತಾಳಾ?"

ಅಕ್ಕ ಬಾಗಿಲು ತಳ್ಳಿ ಒಳಗೆ ನಡೆದಳು. ನಂಬುವುದಿಲ್ಲ ಅಂತ ಅವಳಿಗೂ ಗೊತ್ತಿತ್ತು.

ನರ್ಸು ಪಟ್ಟಿಯನ್ನು ಮೆಲ್ಲಗೆ ಸುಲಿದಳು. ಅಮ್ಮ ಮೂರು ನಾಲ್ಕು ಸಲ ಕಣ್ಣು ಪಿಳುಕಿಸಿದಳು. ಮಂಚದ ಸರಳು ನೋಡಿದಳು, ತನ್ನ ಕೈ ನೋಡಿಕೊಂಡಳು, ಆಮೇಲೆ ಅವನನ್ನು. ಅವಳ ಮುಖವಿಡೀ ಅರಳಿತು.

"ಏನೋ ಇದು, ಬಾಚಣಿಗೆ ಯಾವಾಗ ಕಂಡೆ ನೀನು? ಎಷ್ಟು ನೀಟಾಗಿ ಬಾಚಿದೀಯ."

ಅವನಿಗೆ ಹೋದ ಜೀವ ಬಂದಂತಾಯಿತು. ಕಣ್ಣು ಉಜ್ಜಬಾರದು, ಬಗ್ಗಬಾರದು, ಅಳಬಾರದು, ಎರಡು ಗಂಟೆಗೊಮ್ಮೆ ಹನಿ ಹಾಕಬೇಕು ಅಂತ ನರ್ಸು ಹೇಳುತ್ತಿದ್ದದ್ದನ್ನು ಅಕ್ಕ ಒಬ್ಬಳೇ ಕೇಳಿಸಿಕೊಂಡಳು.

ಮನೆಗೆ ಬಂದ ಮೇಲೆ ಅಮ್ಮನನ್ನು ಹಿಡಿಯುವವರೇ ಇಲ್ಲ. ಮೂಲೆಯ ಜೇಡರಬಲೆ ಕಂಡಳು, ಪರದೆಯ ಕಲೆ ಕಂಡಳು. "ಇಷ್ಟು ಕೊಳೇಲಿ ಎರಡು ವರ್ಷ ಇದ್ದೆನಾ?" ಅಂತ ಅಕ್ಕನನ್ನು ತರಾಟೆಗೆ ತೆಗೆದುಕೊಂಡಳು. ಅಕ್ಕ, "ಪೊರೆ ವಾಪಸ್ ಹಾಕಿಸೋಣ ಬಿಡು" ಅಂತ ಅಡುಗೆಮನೆಗೆ ಹೋದಳು. ಅವನು ಮಾತ್ರ ಕೂತಲ್ಲಿ ಕೂರಲಾರ. ಫ್ಯಾನು ಹಾಕಿದರೆ ಎದ್ದು ಗೋಡೆ ಪಕ್ಕಕ್ಕೆ ಹೋಗುವನು, ಅಮ್ಮ ಹತ್ತಿರ ಬಂದರೆ ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುವನು. ಅಂಟಿನ ಕೆಳಗೆ ನವೆ ಶುರುವಾಗಿತ್ತು, ಕೆರೆಯುವಂತಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಇನ್ನು ಎಷ್ಟು ತಾಸು ಅಂತ ಎಣಿಸುತ್ತಿದ್ದ.

ಆರು ಗಂಟೆಗೆ ಹನಿ ಹಾಕುವ ಹೊತ್ತಾಯಿತು. ಅಕ್ಕನ ಕೈಯಲ್ಲಿ ಹಿಟ್ಟು. ಅವನೇ ಶೀಶೆ ಹಿಡಿದು ಅಮ್ಮನ ಕುರ್ಚಿಯ ಮುಂದೆ ನಿಂತ.

"ಮೇಲೆ ನೋಡು. ಹಾಂ, ಆಯ್ತು. ಈಗ ಕಣ್ಣು ಮುಚ್ಚಿಕೋ, ಐದು ನಿಮಿಷ ತೆಗೀಬಾರದು."

ಅಮ್ಮ ಕಣ್ಣು ಮುಚ್ಚಿದಳು. ಮುಚ್ಚಿದ್ದೇ ತಡ, ಎರಡು ವರ್ಷದ ರೂಢಿ, ಕೈ ಮೇಲೆದ್ದಿತು. ಅವನದೂ ರೂಢಿಯೇ, ತಪ್ಪಿಸಿಕೊಳ್ಳಬೇಕು ಅಂತ ನೆನಪಾಗುವಷ್ಟರಲ್ಲಿ ತಲೆ ಬಗ್ಗಿಸಿಯಾಗಿತ್ತು. ಬೆರಳು ಒಳಗೆ ಬಿಡಲಿಲ್ಲ ಅವಳು. ಮೇಲಿಂದಷ್ಟೇ ಸವರಿದಳು. ಕೈ ನೆತ್ತಿಯ ಎಡಕ್ಕೆ ಹೋಯಿತು, ನಿಂತಿತು, ಹಿಂದೆ ಬಂತು, ಮತ್ತೆ ಹೋಯಿತು, ಕತ್ತಲಲ್ಲಿ ಸ್ವಿಚ್ಚು ಹುಡುಕುವ ಹಾಗೆ.

"ಸುಳಿ ಎಲ್ಲೋ?"

"ಇದೆಯಲ್ಲಮ್ಮ."

"ಇದೆ. ಬಲಗಡೆ ಇದೆ."

ಅವನ ಕಣ್ಣ ಮುಂದೆ ಲಿಫ್ಟಿನ ಆ ಹಿಂಗೋಡೆ ಬಂದು ನಿಂತಿತು. ಕನ್ನಡಿ. ಕನ್ನಡಿಯಲ್ಲಿ ಎಡ ಬಲವಾಗುತ್ತದೆ ಅಂತ ಮಕ್ಕಳಿಗೂ ಗೊತ್ತು. ಆ ಹೆಂಗಸು ಕಂಡದ್ದನ್ನು ಕಂಡ ಹಾಗೆ, ಒಂದು ಕೂದಲೂ ತಪ್ಪದೆ ಮಾಡಿಕೊಟ್ಟಿದ್ದಳು. ತನ್ನ ಸುಳಿ ತನಗೆ ಕಾಣುವುದಿಲ್ಲ; ಎಡಸುಳಿ ಅನ್ನುವುದು ಅವನಿಗೆ ಬರೀ ಕರೆಯುವ ಹೆಸರಾಗಿಬಿಟ್ಟಿತ್ತು. ಅದು ಎಲ್ಲಿದೆ ಅಂತ ಗೊತ್ತಿದ್ದದ್ದು ಈ ಕೈಗೊಂದಕ್ಕೇ.

ಅಮ್ಮ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಕೂಗಾಡಲಿಲ್ಲ. ಮುಚ್ಚಿದ ಕಣ್ಣಲ್ಲೇ ಕೇಳಿದಳು.

"ಎಷ್ಟು ದಿನ ಅಂದಿದಾರೆ?"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದದ್ದೇ ತಡ, ಅವಳ ಕೈ ಹಿಡಿದುಕೊಂಡ. "ಅಯ್ಯೋ ಅದಲ್ಲಮ್ಮ. ಅದು ಅಲ್ವೇ ಅಲ್ಲ. ಬರೀ ಕೂದಲು ಉದುರೋ ಕಾಯಿಲೆ. ಊಟ ಸೇರುತ್ತೆ, ನಿದ್ದೆ ಬರುತ್ತೆ, ದಿನಾ ಕೆಲಸಕ್ಕೆ ಹೋಗ್ತಿದೀನಿ."

"ನಿಮ್ಮಪ್ಪಾನೂ ಹೋಗ್ತಿದ್ರು."

ಅಕ್ಕ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ನಿಜವಾಗ್ಲೂ ಅಮ್ಮ, ಡಾಕ್ಟರ ಚೀಟಿ ನಾನೇ ಓದಿದೀನಿ..."

"ನೀನು ಸುಮ್ನಿರು. ಅವತ್ತೂ ನಿಮ್ಮಪ್ಪನ ಚೀಟಿ ಓದಿ ಏನೂ ಇಲ್ಲ ಅಂದೋಳು ನೀನೇ."

ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. ಆ ಮನೆಯಲ್ಲಿ ಅಮ್ಮ ನಂಬುವಂಥ ಬಾಯಿ ಒಂದೂ ಇರಲಿಲ್ಲ. ಅವಳ ಮುಚ್ಚಿದ ರೆಪ್ಪೆಯ ಅಂಚಲ್ಲಿ ನೀರು ತುಂಬುತ್ತಿತ್ತು. ಅದು ಹಾಕಿದ ಹನಿಯೋ ಬೇರೆಯೋ ಅವನಿಗೆ ತಿಳಿಯಲಿಲ್ಲ. ಅಳಬಾರದು ಅಂದಿದ್ದರು. ಅವನು ಮಂಡಿಯೂರಿ ಕೂತ.

"ಮತ್ತೆ ಬರುತ್ತಾ?" ಅಮ್ಮ ಕೇಳಿದಳು.

ಬರುತ್ತೆ ಅನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಅವಳಿಗೆ ಬೇಕಾಗಿದ್ದದ್ದೂ ಅದೇ ಅಂದುಕೊಂಡಿದ್ದ. ಅವಳ ಮುಖ ನೋಡಿದ. ಪೆಟ್ಟು ಬೀಳುತ್ತದೆಂದು ತಿಳಿದವರ ಹಾಗೆ ಅವಳು ದವಡೆ ಬಿಗಿದು ಕಾಯುತ್ತಿದ್ದಳು.

"ಗೊತ್ತಿಲ್ಲಮ್ಮ," ಅಂದ.

ಅವಳು ಅಲುಗಲಿಲ್ಲ.

"ಬರಬಹುದಂತೆ, ಬರದೇನೂ ಇರಬಹುದಂತೆ. ಬಂದರೂ ಮತ್ತೆ ಉದುರಬಹುದಂತೆ. ಹೀಗೇ ಇದ್ದುಬಿಟ್ಟರೂ ಇದ್ದುಬಿಡಬಹುದಂತೆ."

"ಡಾಕ್ಟರೇ ಹಾಗಂದ್ರಾ?"

"ಮೂರು ಸಲ ಕೇಳಿದೆ. ಮೂರು ಸಲಾನೂ ಗೊತ್ತಿಲ್ಲ ಅಂದ್ರು. ನನಗಂತೂ ಸಿಟ್ಟೇ ಬಂತು."

"ಬರುತ್ತೆ ಅಂತ ಯಾರೂ ಹೇಳಲಿಲ್ವಾ?"

"ಯಾರೂ ಹೇಳಲಿಲ್ಲಮ್ಮ."

ಅಮ್ಮ ಉಸಿರು ಬಿಟ್ಟಳು. ಭುಜಗಳು ಕುರ್ಚಿಗೆ ಒರಗಿದವು. ಸೆರಗಿಗೆ ಕೈ ಹೋದದ್ದನ್ನು ತಡೆದುಕೊಂಡಳು, ಕಣ್ಣು ಉಜ್ಜಲಿಲ್ಲ.

"ಹಾಗಾದ್ರೆ ತೆಗಿ ಅದನ್ನ," ಅಂದಳು. "ಆಗಲಿಂದ ಕಾಲುಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದೀಯ. ನವೆ ಆಗ್ತಿರಬೇಕು."

ಅಂಟು ಬಿಡಿಸುವ ದ್ರಾವಣದ ಶೀಶೆ ಚೀಲದಲ್ಲಿತ್ತು. ತರುವಷ್ಟು ವ್ಯವಧಾನ ಅವನಿಗಿರಲಿಲ್ಲ. ಹಣೆಯ ಅಂಚಿಗೆ ಉಗುರು ಹಾಕಿ ಎಳೆದ, ಚರ್ಮ ಚುರ್ರೆಂದಿತು. ಅಕ್ಕ ಅದನ್ನು ತೆಗೆದುಕೊಂಡು ಎಲ್ಲಿಡಬೇಕೆಂದು ತಿಳಿಯದೆ, ಮೇಜಿನ ಮೇಲಿದ್ದ ನೀರಿನ ಹೂಜಿಯ ಮೇಲೆ ಇಟ್ಟಳು. ಅವನು ಅಮ್ಮನ ಮಡಿಲಿಗೆ ತಲೆ ಬಗ್ಗಿಸಿದ.

ಅಮ್ಮ ಕಣ್ಣು ತೆರೆಯಲಿಲ್ಲ. ಐದು ನಿಮಿಷ ಇನ್ನೂ ಆಗಿರಲಿಲ್ಲ. ಹಿಟ್ಟಿನ ಕೈಯನ್ನು ಎತ್ತಿ ಹಿಡಿದುಕೊಂಡೇ ಅಕ್ಕ ಮೊಣಕೈಯಿಂದ ಫ್ಯಾನಿನ ಸ್ವಿಚ್ಚು ಒತ್ತಿದಳು. ಬರಿಯ ಚರ್ಮದ ಮೇಲೆ ಅಮ್ಮನ ಎರಡು ಬೆರಳು ಎಡಕ್ಕೆ ಸರಿದು ಒಂದು ಕಡೆ ನಿಂತವು. ಅಲ್ಲಿ ತೋರುಬೆರಳು ಮೆಲ್ಲಗೆ ಸುತ್ತತೊಡಗಿತು, ಎಲ್ಲರಿಗಿಂತ ತಿರುಗುಮುರುಗಾಗಿ.